ಕಪ್ಪು ತಂತಿಯ ಒಂದೂವರೆ ಕಿಲೋಮೀಟರ್

ಮನೆಯಲ್ಲಿ ಫ್ಯೂಜು ಹೋದರೆ ನಿಮ್ಮ ಅಜ್ಜ ಮೊದಲು ಅದನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅದು ಅವರ ಜೇಬಿನಲ್ಲಿ ಇರುವತನಕ ಮೀಟರಿನ ಡಬ್ಬಿಯ ಹತ್ತಿರ ಬೇರೆ ಯಾರೂ ಸುಳಿಯುವಂತಿರಲಿಲ್ಲ. ಒಮ್ಮೆ ನಾನು ಮೇನ್ ಸ್ವಿಚ್ಚಿಗೆ ಕೈ ಚಾಚಿದ್ದಕ್ಕೆ ಊಟದ ಮಧ್ಯೆ ಎದ್ದು ಬಂದುಬಿಟ್ಟರು.

"ತಗದವರ ಹಾಕಬೇಕು. ನಡುವ ಇನ್ನೊಬ್ಬರ ಕೈ ಬರಬಾರದು," ಎಂದರು.

ಇದು ಅವರ ಕೆಲಸದಿಂದ ಬಂದ ರೂಢಿ. ರೈಲು ಹಳಿಯ ಮೇಲೆ ಕರೆಂಟಿನ ತಂತಿ ಹಾದುಹೋಗಿರುತ್ತದಲ್ಲ, ಅದನ್ನು ಬದಲಾಯಿಸುವ ಗುತ್ತಿಗೆ ಕಂಪನಿಯೊಂದರಲ್ಲಿ ಅವರು ಸೂಪರ್‌ವೈಸರ್ ಆಗಿದ್ದರು. ಅಹಮದಾಬಾದಿನಿಂದ ವಡೋದರಾ, ಸೂರತ್ ಹಾದು ಮುಂಬೈಗೆ ಹೋಗುವ ಲೈನಿಗೆ ಕರೆಂಟು ಬಂದು ಎಷ್ಟೋ ವರ್ಷಗಳಾಗಿದ್ದವು. ಗಾಡಿಗಳು ಉಜ್ಜಿ ಉಜ್ಜಿ ತಂತಿ ಸವೆದಿತ್ತು. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷಗಳಾಗಿದ್ದ ಆ ಹೊತ್ತಿನಲ್ಲಿ ಹಳೆಯದನ್ನು ಇಳಿಸಿ ಹೊಸ ತಾಮ್ರದ ತಂತಿ ಎಳೆಯುತ್ತಿದ್ದರು. ಅದಕ್ಕಾಗಿ ಎರಡು ಮೂರು ತಾಸು ಒಂದು ಹಳಿಯ ಮೇಲೆ ಗಾಡಿ ನಿಲ್ಲಿಸಿ ಕರೆಂಟು ತೆಗೆಯುತ್ತಿದ್ದರು. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಕಂಪನಿಯ ಕಡೆಯಿಂದ ಒಬ್ಬರು ರೈಲ್ವೆ ಕೊಟ್ಟ ತಮ್ಮ ಕಾರ್ಡು ತೋರಿಸಿ, ಸಹಿ ಹಾಕಿ ಬ್ಲಾಕಿನ ಪರ್ಮಿಟ್ ಕಾಗದ ತೆಗೆದುಕೊಳ್ಳಬೇಕು. ಕೆಲಸ ಮುಗಿದು ಎಲ್ಲರೂ ಕಂಬದಿಂದ ಇಳಿದ ಮೇಲೆ ಅದೇ ಮನುಷ್ಯ ಆ ಕಾಗದವನ್ನು ಹಿಂತಿರುಗಿಸಬೇಕು. ಬೇರೆಯವರು ತಂದರೆ ತೆಗೆದುಕೊಳ್ಳುವುದಿಲ್ಲ. ಮೇಲೆ ಇನ್ನೂ ಯಾರಾದರೂ ಉಳಿದಿದ್ದರೆ ಎಂಬ ಅಂಜಿಕೆ.

ಆ ಕಾರ್ಡು ಅಂಗೈಯಷ್ಟು ದೊಡ್ಡದು, ಪ್ಲಾಸ್ಟಿಕ್ ಹೊದಿಸಿದ್ದು. ಅದರ ಮೇಲೆ ಅಜ್ಜನ ಫೋಟೋ, ಇನ್ನೂ ಮೀಸೆ ಕಪ್ಪಿದ್ದಾಗ ತೆಗೆಸಿದ್ದು.

ತಂತಿ ಮುಂದೆ ಹೋದಂತೆ ಕ್ಯಾಂಪು ಮುಂದೆ, ಕ್ಯಾಂಪಿನ ಹಿಂದೆ ನಾವು. ಹುಬ್ಬಳ್ಳಿಯಿಂದ ಮೊದಲು ಅಹಮದಾಬಾದಿನ ನರೋಡಾಕ್ಕೆ ಬಂದೆವು. ಕಂಪನಿಯ ಗೋಡೌನ್ ಅಲ್ಲಿತ್ತು. ಕಾರ್ಖಾನೆಗಳ ಘಾಟು ಮೂಗಿಗೆ ರೂಢಿಯಾಗುವಷ್ಟರಲ್ಲಿ ವಡೋದರಾಕ್ಕೆ ಹೊರಟೆವು. ಕನ್ನಡ ಸಾಲೆಯಿಂದ ಇಂಗ್ಲಿಷ್ ಸಾಲೆಗೆ ಬಿದ್ದ ನಿಮ್ಮ ಅಮ್ಮನಿಗೆ ನರೋಡಾದಲ್ಲಿ ಒಂದು ವರ್ಷ ಸುಮ್ಮನೆ ಹೋಗಿತ್ತು. ವಡೋದರಾದಲ್ಲಿ ಅವಳು ಹತ್ತನೇ ತರಗತಿಗೆ ಬಂದಳು. ವಯಸ್ಸು ಹದಿನೇಳು.

ವಡೋದರಾದ ಮನೆ ರೈಲು ಹಳಿಗೆ ಎದುರಾಗಿ ಮೇಲಿನ ಮಹಡಿಯಲ್ಲಿತ್ತು. ನಾನು ಅಲ್ಲಿ ಸಾಮಾನು ಪೂರ್ತಿ ಬಿಚ್ಚಲೇ ಇಲ್ಲ. ದಿನಕ್ಕೆ ಬೇಕಾಗುವ ಪಾತ್ರೆಗಳು ಹೊರಗೆ, ಉಳಿದದ್ದು ಗೋಣಿಚೀಲದಲ್ಲಿ. ಕೆಳಗೆ ಮನೆಯೊಡತಿ ಇದ್ದಳು. ಓಣಿಯವರೆಲ್ಲ ಅವಳನ್ನು ಬಾ ಎಂದು ಕರೆಯುತ್ತಿದ್ದರು, ಅಮ್ಮ ಎಂಬ ಅರ್ಥದಲ್ಲಿ. ಒಂದು ದಿನ ಮೇಲೆ ಬಂದವಳು ಚೀಲಗಳನ್ನೆಲ್ಲ ನೋಡಿ ತನ್ನ ಗುಜರಾತಿ ಬೆರೆತ ಹಿಂದಿಯಲ್ಲಿ, "ಬೆನ್, ಇದು ಮನೆಯೋ ವೇಟಿಂಗ್ ರೂಮೋ?" ಎಂದು ಕೇಳಿದಳು. ಬೆನ್ ಎಂದರೆ ಅಕ್ಕ. ನಾನು ಸೆರಗು ಸರಿಮಾಡಿಕೊಂಡು ನಕ್ಕೆ. ನನ್ನದು ಏಳನೇ ಇಯತ್ತೆಯವರೆಗಿನ ಹಳ್ಳಿ ಸಾಲೆ. ಕನ್ನಡದಲ್ಲೇ ನಾಲ್ಕು ಜನರ ಮುಂದೆ ಬಾಯಿ ಬರುತ್ತಿರಲಿಲ್ಲ, ಹಿಂದಿಯ ಮಾತೆಲ್ಲಿ.

ಹಳಿಯ ಪಕ್ಕದ ಪ್ರತಿ ಕಂಬಕ್ಕೂ ಒಂದು ನಂಬರು ಇರುತ್ತದೆ. ಕಿಲೋಮೀಟರು ಮುಂಬೈಯಿಂದ ಎಣಿಸಿದ್ದು. ಹೀಗಾಗಿ ಕೆಲಸ ಸೂರತ್ತಿನ ಕಡೆಗೆ ಸಾಗಿದಂತೆ ನಂಬರು ಇಳಿಯುತ್ತಿತ್ತು. ಅಜ್ಜ ಸಂಜೆ ಬಂದು ಕೈಕಾಲು ತೊಳೆಯುವಾಗ ನಾನು ಕೇಳುತ್ತಿದ್ದೆ.

"ಎಲ್ಲಿಗೆ ಬಂತ್ರಿ ಇವತ್ತ?"

"ಮುನ್ನೂರಾ ಅರವತ್ತೊಂದು."

ಅಡುಗೆಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಅದನ್ನು ಬರೆಯುತ್ತಿದ್ದೆ. ನರ್ಮದೆಯ ಸೇತುವೆ ಮುಟ್ಟಿದರೆ ಕ್ಯಾಂಪು ಎತ್ತಿ ಸೂರತ್ತಿನ ಉಧ್ನಾಕ್ಕೆ ಹೋಗುವುದು ಎಂದು ಗೊತ್ತಾಗಿತ್ತು. ಪರೀಕ್ಷೆ ಇದ್ದದ್ದು ಮಾರ್ಚಿನಲ್ಲಿ. ದೀಪಾವಳಿ ಕಳೆದ ಮೇಲೆ ನಂಬರುಗಳು ಓಡತೊಡಗಿದವು. ಮುನ್ನೂರಾ ಐವತ್ತು, ನಲವತ್ತಾರು, ನಲವತ್ತು. ಬ್ಲಾಕ್ ಸಿಗದ ದಿನ ನನಗೆ ಊಟ ರುಚಿಸುತ್ತಿತ್ತು. ಸಿಕ್ಕ ದಿನ ಮನೆಯೊಳಗೇ ಅತ್ತಿಂದಿತ್ತ ತಿರುಗುತ್ತಿದ್ದೆ. ಬ್ಲಾಕ್ ಸಿಕ್ಕಿದೆಯೋ ಇಲ್ಲವೋ ನೋಡಲು ಮನೆಯ ಮೇಲಿನ ಗಚ್ಚಿಗೆ ಹೋದರೆ ಸಾಕಿತ್ತು. ಸಿಕ್ಕಿದ್ದರೆ ಹನ್ನೊಂದೂವರೆಯ ಪ್ಯಾಸೆಂಜರ್ ಗಾಡಿಯನ್ನು ಮುಂದೆ ಬಿಡದೆ ನಮ್ಮ ಮನೆಯ ಎದುರಿಗೇ ನಿಲ್ಲಿಸುತ್ತಿದ್ದರು. ಜನ ಇಳಿದು ಚಹಾ ಕುಡಿಯುತ್ತಿದ್ದರು.

ನಿಮ್ಮ ಅಮ್ಮನ ಸಾಲೆಯ ದೊಡ್ಡ ಬಾಯಿ, ಅಂದರೆ ಹೆಡ್‌ಮಿಸ್ಟ್ರೆಸ್, ಖಡಾಖಂಡಿತವಾಗಿ ಹೇಳಿದ್ದರು. ಹತ್ತನೆಯವರನ್ನು ನಡುವೆ ಯಾವ ಸಾಲೆಯೂ ಸೇರಿಸಿಕೊಳ್ಳುವುದಿಲ್ಲ, ಈಗ ಬಿಟ್ಟರೆ ಈ ವರ್ಷವೂ ಹೋದಂತೆ. ಊರಿನಿಂದ ಆಗಲೇ ಎರಡು ಗಂಡಿನ ಕಡೆಯ ಪತ್ರ ಬಂದಿದ್ದವು. ನಿಮ್ಮ ಅಮ್ಮ ಅವನ್ನು ಓದಿ ಮಡಚಿಟ್ಟು, "ಅವ್ವಾ, ಈ ಸಲಾನೂ ಸಾಲಿ ಬಿಟ್ಟ ಹೋದ್ರ ನಾ ಮತ್ತ ಹೋಗಂಗಿಲ್ಲ. ಸಣ್ಣ ಹುಡುಗ್ಯಾರ ಜೋಡಿ ಕುಂಡ್ರಾಕ ನನಗ ಆಗಂಗಿಲ್ಲ," ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡಲಾದರೂ ಬರುತ್ತಿತ್ತು.

ನಾನು ಅಜ್ಜನಿಗೆ ಹೇಳಿದೆ. "ನಾವಿಬ್ಬರೂ ಮಾರ್ಚ್ ತನಕ ಇಲ್ಲೇ ಇರ್ತೀವಿ. ಸಾಹೇಬ್ರನ್ನ ಒಂದ ಮಾತ ಕೇಳ್ರಿ."

"ಏನಂತ ಕೇಳ್ಲಿ? ಮನಿ ಕೊಟ್ಟಿದ್ದು ಕಂಪನಿ, ಕ್ಯಾಂಪ್ ಇದ್ದಲ್ಲಿ ಮನಿ. ಮತ್ತ ನನ್ನ ಊಟ?"

ಊಟದ ಮಾತು ಸುಳ್ಳಲ್ಲ. ಅವರಿಗೆ ಹೊಟ್ಟೆಹುಣ್ಣು. ಹೊರಗಿನ ಎಣ್ಣೆ, ಖಾರ ಎರಡು ದಿನ ಬಿದ್ದರೆ ಮೂರನೆಯ ದಿನ ಮಲಗಿಬಿಡುತ್ತಿದ್ದರು. ಆದರೆ ಕೇಳಲು ಅವರಿಗೂ ನಾಚಿಕೆ ಎಂದು ನನಗೆ ಗೊತ್ತಿತ್ತು. ಆ ವಿಷಯದಲ್ಲಿ ನಾವಿಬ್ಬರೂ ಒಂದೇ.

ಡಿಸೆಂಬರಿನಲ್ಲಿ ಬಾಗಿಲ ಹಿಂದಿನ ನಂಬರು ಮುನ್ನೂರಾ ಮೂವತ್ತಕ್ಕೆ ಬಂತು. ಸೇತುವೆಗೆ ಇನ್ನು ಐದಾರು ಬ್ಲಾಕಿನ ಕೆಲಸ ಉಳಿದಿತ್ತು. ಕಾರ್ಡಿದ್ದ ಇನ್ನೊಬ್ಬ ಸೂಪರ್‌ವೈಸರ್ ರಜೆಯ ಮೇಲೆ ಊರಿಗೆ ಹೋಗಿದ್ದ. ಹೀಗೆಂದು ಅಜ್ಜ ಮಾತಿಗೆ ಹೇಳಿದ್ದರು, ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಒಂದು ಬೆಳಿಗ್ಗೆ ಅವರ ಮಾಸಿದ ಅಂಗಿಯ ಜೇಬಿನಿಂದ ಪೆನ್ನು, ಕರವಸ್ತ್ರ, ಕನ್ನಡಕ ತೆಗೆದು ಒಗೆದ ಅಂಗಿಯ ಜೇಬಿಗೆ ಹಾಕಿದೆ. ಕಾರ್ಡನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದೆ. ಬುತ್ತಿ ಕಟ್ಟಿ ಕೊಟ್ಟೆ. ಅವರು ಮೆಟ್ಟಿಲು ಇಳಿಯುವ ಸಪ್ಪಳ ಕೇಳಿದಾಗ ಕೂಗಬೇಕೆನ್ನಿಸಿತು. ಕೂಗಲಿಲ್ಲ.

ಒಂದು ದಿನ ತಪ್ಪಿದರೆ ಏನು ಸಿಗುತ್ತದೆ ಎಂದು ನಾನು ಸರಿಯಾಗಿ ಯೋಚಿಸಿರಲೂ ಇಲ್ಲ. ಒಂದು ದಿನ ಸಿಗುತ್ತದೆ, ಅಷ್ಟೇ.

ಹತ್ತು ಗಂಟೆಯಿಂದ ನಾಲ್ಕು ಸಲ ಗಚ್ಚಿಗೆ ಹತ್ತಿ ಇಳಿದೆ. ಬಾ ಕೆಳಗಿನಿಂದ, "ಬೆನ್, ಹಪ್ಪಳ ಒಣಹಾಕಿದ್ದೀರಾ?" ಎಂದು ಕೂಗಿದಳು. ಹನ್ನೊಂದೂವರೆಗೆ ಪ್ಯಾಸೆಂಜರ್ ಬಂತು. ನಿಲ್ಲಲಿಲ್ಲ. ಸಿಳ್ಳೆ ಹಾಕಿಕೊಂಡು ಭರೂಚಿನ ಕಡೆ ಹೋಗಿಯೇಬಿಟ್ಟಿತು. ಅದರ ಹಿಂದೆ ಒಂದು ಗೂಡ್ಸ್, ಮತ್ತೊಂದು ಎಕ್ಸ್‌ಪ್ರೆಸ್. ನಾನು ಬಯಸಿದ್ದು ಇದನ್ನೇ. ಆದರೂ ಕೆಳಗಿಳಿದು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ.

ಸಂಜೆ ಬಂದವರು ಕೈಕಾಲು ತೊಳೆಯಲಿಲ್ಲ. ಟ್ರಂಕು ತೆಗೆದು ಎಲ್ಲ ಹೊರಗೆ ಸುರಿದರು. ಗೋಣಿಚೀಲಗಳ ಬಾಯಿ ಬಿಚ್ಚಿದರು. ನಲವತ್ತು ಜನ ಹಳಿಯ ಪಕ್ಕ ಕೂತೇ ಇದ್ದರಂತೆ. ತಂತಿಯ ಉರುಳೆ ಹೊತ್ತ ಗಾಡಿ ನಿಂತಲ್ಲೇ ನಿಂತಿತ್ತಂತೆ. ಕಾರ್ಡಿಲ್ಲದೆ ಪರ್ಮಿಟ್ ಕೊಡುವುದಿಲ್ಲ ಎಂದರಂತೆ ರೈಲ್ವೆಯವರು.

"ಹುಡುಕಾಕತ್ತೀರಲ್ಲಾ, ಊಟ ಮಾಡ್ರಿ ಮೊದಲ," ಎಂದೆ.

ಅವರು ಚೀಲಗಳ ನಡುವೆ ಕೂತು ಅಂಗೈ ನೋಡಿಕೊಳ್ಳುತ್ತ, "ನನಗ ಮರವು ಬರಾಕತ್ತೈತಿ," ಎಂದರು. "ನಲವತ್ತ ಮಂದೀನ ಮ್ಯಾಲ ಹತ್ತಿಸಿ ಕೆಳಗ ನಿಂದರಾಂವಗ ಮರವು ಬರಬಾರದು. ಇವತ್ತ ಕಾರ್ಡ ಮರತೇನಿ, ನಾಳೆ ಮ್ಯಾಲಿದ್ದ ಮನಷ್ಯಾನ್ನ ಮರತರ? ಸಾಹೇಬ್ರಿಗೆ ಹೇಳಿ ಬಿಟ್ಟಬಿಡತೀನಿ."

ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಎದ್ದು ಹೋಗಿ ಹಿಟ್ಟಿನ ಡಬ್ಬಿಗೆ ಕೈ ಹಾಕಿದೆ. ಕಾರ್ಡು ತಂದು ಅವರ ಮುಂದಿಟ್ಟೆ. ಫೋಟೋದ ಮೀಸೆ ಹಿಟ್ಟು ಮೆತ್ತಿ ಬೆಳ್ಳಗಾಗಿತ್ತು.

ಅವರು ಅದನ್ನು ನೋಡಿದರು. ಮುಟ್ಟಲಿಲ್ಲ. ನಿಮ್ಮ ಅಮ್ಮ ಟ್ಯೂಷನ್ನಿಗೆ ಹೋಗಿದ್ದಳು, ಅದೊಂದು ಪುಣ್ಯ.

"ಮರವು ಅಲ್ಲ ಹಂಗಾರ," ಎಂದರು.

"ಅಲ್ಲರಿ."

"ನಾ ಒಯ್ಯಂಗಿಲ್ಲ ಇದನ್ನ. ತಗದವರ ಕೊಡಬೇಕು. ನಾಳೆ ನೀ ಬಂದು ಕೊಡು."

ಮರುದಿನ ಅವರ ಜೊತೆ ಪ್ಯಾಸೆಂಜರ್ ಹತ್ತಿದೆ. ಭರೂಚಿಗಿಂತ ಈಚೆಯ ಸಣ್ಣ ಸ್ಟೇಷನ್ನಿನಲ್ಲಿ ಇಳಿದೆವು. ತಗಡಿನ ಆಫೀಸಿನ ಮುಂದೆ ಗ್ಯಾಂಗಿನವರು ಚಹಾ ಕುಡಿಯುತ್ತ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಅದು ಇನ್ನೂ ಕಷ್ಟವಾಯಿತು. ಒಳಗೆ ಕಂಪನಿಯ ಎಂಜಿನಿಯರ್ ಇದ್ದರು, ಅಜ್ಜ ಸಾಹೇಬ್ರು ಎನ್ನುತ್ತಿದ್ದದ್ದು ಅವರನ್ನೇ. ಅಜ್ಜನಿಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವರು. ನಾನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಕಾರ್ಡು ಬಿಚ್ಚಿ ಮೇಜಿನ ಮೇಲಿಟ್ಟು, ದಾರಿಯುದ್ದಕ್ಕೂ ಉರುಹೊಡೆದಿದ್ದ ಹಿಂದಿಯಲ್ಲಿ ಹೇಳಿದೆ. "ನಾನು ತೆಗೆದಿದ್ದೆ. ಇವರು ಮರೆತಿರಲಿಲ್ಲ."

ಎಂಜಿನಿಯರರಿಗೆ ಸಿಟ್ಟು ಬಂತು. ಬರಬೇಕಾದದ್ದೇ. "ಆ ಬ್ಲಾಕಿಗೆ ಎಷ್ಟು ದಿನದಿಂದ ಕೇಳುತ್ತಿದ್ದೆವು ಗೊತ್ತೇ ಅಮ್ಮಾ? ಆ ತುಂಡಿಗೆ ಇನ್ನು ಯಾವಾಗ ಕೊಡುತ್ತಾರೋ ದೇವರಿಗೇ ಗೊತ್ತು. ಯಾಕೆ ಹೀಗೆ ಮಾಡಿದಿರಿ?"

ಉರುಹೊಡೆದದ್ದು ಅಲ್ಲಿಗೆ ಮುಗಿದಿತ್ತು. "ಮಗಳು," ಎಂದೆ. "ಹತ್ತನೇ. ಮಾರ್ಚ್." ಮುಂದಿನ ಮಾತು ಕನ್ನಡದಲ್ಲೇ ಬಂತು. ಅಜ್ಜ ಕೆಳಗೆ ನೋಡುತ್ತ ಒಂದೊಂದನ್ನೇ ಹಿಂದಿಗೆ ತಿರುಗಿಸಿದರು. ಮಗಳಿಗೆ ಸುಮ್ಮನೆ ಹೋದ ಒಂದು ವರ್ಷ, ಬಂದ ಪತ್ರಗಳು, ಅವಳ ಮಾತು. ಸಾಹೇಬರನ್ನು ಕೇಳಲು ನಾಚಿದ್ದನ್ನೆಲ್ಲ ಅವರು ನನ್ನ ಮಾತೆಂದು ತಮ್ಮ ಬಾಯಿಂದಲೇ ಕೇಳಬೇಕಾಯಿತು.

ಎಂಜಿನಿಯರ್ ಅಜ್ಜನ ಕಡೆ ತಿರುಗಿ, "ಇದನ್ನು ನೀವೇ ಒಂದು ತಿಂಗಳ ಹಿಂದೆ ಹೇಳಿದ್ದರೆ?" ಎಂದರು.

ಕೆಲಸ ಯಾರಿಗೂ ಕಾಯುವುದಿಲ್ಲ, ಅಜ್ಜ ಹೊಸ ವರ್ಷಕ್ಕೆ ಉಧ್ನಾಕ್ಕೆ ಹೋಗಲೇಬೇಕು ಎಂದರು ಎಂಜಿನಿಯರ್. ಕಂಪನಿ ಅಲ್ಲಿ ಮನೆ ಹುಡುಕುವುದನ್ನು ಪರೀಕ್ಷೆ ಮುಗಿಯುವವರೆಗೆ ಮುಂದೆ ಹಾಕಬಹುದು, ಅಲ್ಲಿಯವರೆಗೆ ವಡೋದರಾದ ಮನೆ ಇರಲಿ ಎಂದರು. ಅಜ್ಜನಿಗೆ ಒಂದು ಎಚ್ಚರಿಕೆಯ ಪತ್ರವೂ ಬಂತು, ಕಾರ್ಡು ಜೋಪಾನ ಮಾಡಲಿಲ್ಲ ಎಂದು. ಅವರು ಅದನ್ನು ಟ್ರಂಕಿನ ತಳದಲ್ಲಿಟ್ಟರು. ಅದು ಈಗಲೂ ನನ್ನ ಹತ್ತಿರ ಇದೆ.

ಹೊಸ ವರ್ಷದಲ್ಲಿ ಅವರು ಒಬ್ಬರೇ ಹೋದರು. ನಾನು ವಾರಕ್ಕೊಮ್ಮೆ ಖಡಕ್ ರೊಟ್ಟಿ, ಖಾರವಿಲ್ಲದ ಶೇಂಗಾ ಚಟ್ನಿ ಕಟ್ಟಿ ಗ್ಯಾಂಗಿನವರ ಕೈಯಲ್ಲಿ ಕಳಿಸುತ್ತಿದ್ದೆ. "ಕಾರ್ಡ್‌ವಾಲಿ ಭಾಭಿ, ಡಬ್ಬಿಯಲ್ಲಿ ಮತ್ತೇನಾದರೂ ಇದೆಯೇ? ನೋಡಿಕೊಂಡು ಕೊಡಿ," ಎನ್ನುತ್ತಿದ್ದರು. ನಿಮ್ಮ ಅಮ್ಮ ಓದಿನಿಂದ ತಲೆ ಎತ್ತಿ, ಭಾಭಿ ಅಂದರೆ ಸರಿ, ಕಾರ್ಡ್ ಯಾಕೆ ಎಂದು ಕೇಳಿದಳು. ರೇಷನ್ ಕಾರ್ಡ್ ಎಂದೆ. ದೀಪಾವಳಿಯಿಂದ ಪರೀಕ್ಷೆಯವರೆಗೆ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಮೊದಲು ನಂಬರು ಇಳಿಯುತ್ತದೆ ಎಂದು, ಆಮೇಲೆ ಅವರು ಉಂಡರೋ ಇಲ್ಲವೋ ಎಂದು. ಫೆಬ್ರವರಿಯಲ್ಲಿ ಅವರು ಮಲಗಿಯೇಬಿಟ್ಟರು. ಹತ್ತು ದಿನ ಸೂರತ್ತಿನ ಆಸ್ಪತ್ರೆಯಲ್ಲಿದ್ದರು. ನನಗೆ ತಿಳಿಸಿದ್ದು ಅಲ್ಲಿಂದ ಬಿಟ್ಟ ಮೇಲೆ. ನಿಮ್ಮ ಅಮ್ಮನಿಗೆ ನಾನು ಹೇಳಲಿಲ್ಲ, ಪರೀಕ್ಷೆ ಹತ್ತಿರವಿತ್ತು.

ಅವಳು ಅದೇ ಸಾಲೆಯಿಂದ, ಅದೇ ಬೆಂಚಿನ ಗೆಳತಿಯರ ಜೊತೆ ಪರೀಕ್ಷೆ ಬರೆದಳು.

ಏಪ್ರಿಲಿನಲ್ಲಿ ಅಜ್ಜ ನಮ್ಮನ್ನು ಕರೆದೊಯ್ಯಲು ಬಂದರು. ಬಹಳ ಇಳಿದಿದ್ದರು, ಅಂಗಿಯ ಕಾಲರು ಕೊರಳಿಗೆ ಸಡಿಲವಾಗಿತ್ತು. ಸೂರತ್ತಿನ ಗಾಡಿಯಲ್ಲಿ ನಿಮ್ಮ ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಪಕ್ಕದ ಹಳಿಯ ಮೇಲೆ ಹೊಸ ತಂತಿ ಬಿಸಿಲಿಗೆ ಕೆಂಪಗೆ ಹೊಳೆಯುತ್ತ ನಮ್ಮ ಜೊತೆ ಓಡುತ್ತಿತ್ತು. ಭರೂಚ್ ಹತ್ತಿರ ಬರುವಾಗ ಇದ್ದಕ್ಕಿದ್ದಂತೆ ಕಪ್ಪಾಯಿತು. ಸ್ವಲ್ಪ ದೂರ ಹಾಗೇ ಹೋಗಿ ಮತ್ತೆ ಹೊಳೆಯಿತು.

"ಅಪ್ಪಾ, ಅಲ್ಲಿ ಅಷ್ಟ ಯಾಕ ಬಿಟ್ಟೀರಿ?" ಎಂದಳು.

ಅಜ್ಜ ನನ್ನ ಕಡೆ ನೋಡಲಿಲ್ಲ. "ಅವತ್ತ ಬ್ಲಾಕ್ ಸಿಗಲಿಲ್ಲವ್ವಾ," ಎಂದರು.

ಆ ಒಂದೂವರೆ ಕಿಲೋಮೀಟರಿಗೆ ಹೊಸ ತಂತಿ ಬಿದ್ದದ್ದು ಮುಂದಿನ ಮಳೆಗಾಲ ಕಳೆದ ಮೇಲೆ. ಅಜ್ಜ ಬದುಕಿರುವವರೆಗೂ ಮಗಳಿಗೆ ಬೇರೆ ಉತ್ತರ ಕೊಡಲಿಲ್ಲ. ಅದು ಅವರು ಹೇಳುವಂಥದ್ದೂ ಅಲ್ಲ, ಕಾರ್ಡು ತೆಗೆದವಳು ನಾನು. ನಿಮ್ಮ ಅಮ್ಮನಿಗೆ ಈಗ ಕನ್ನಡ ಓದುವುದು ನಿಧಾನ. ನಿಮಗೆ ಬಂದಷ್ಟು ನೀವು ಓದಿ, ಬಾರದ್ದನ್ನು ಅವಳ ಕೈಯಲ್ಲಿ ಓದಿಸಿ. ಅವಳು ಈ ಪುಟಕ್ಕೆ ಬಂದಾಗ ನಾನು ಅಡುಗೆಮನೆಯಲ್ಲಿರುತ್ತೇನೆ.