ಹಿಡಿಕೆಯಕ್ಕನ ತಮ್ಮ ಹಾಕಿದ ಲೆಕ್ಕ

ಚೀಲದ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಹಿಡಿಕೆಯಕ್ಕ ಎನ್ನುತ್ತಿದ್ದರು. ಪ್ರಯಾಣದ ಚೀಲಗಳಿಗೆ ಹಿಡಿಕೆ ಹೊಲಿಯುವುದು ಅವಳ ಕೆಲಸ. ಹೊಲಿದಾದ ಮೇಲೆ ಮೈಭಾರವನ್ನೆಲ್ಲ ಬಿಟ್ಟು ಒಮ್ಮೆ ಜಗ್ಗಿ ನೋಡುವಳು. ಮೈಭಾರವೂ ಸಾಮಾನ್ಯದ್ದಲ್ಲ, ಅದನ್ನು ತಡೆದುಕೊಂಡ ಹಿಡಿಕೆ ಜನ್ಮದಲ್ಲಿ ಕಿತ್ತುಬರುವುದಿಲ್ಲ ಎಂದು ಮೇಸ್ತ್ರಿ ನಗುತ್ತಿದ್ದ.

ಅಪ್ಪ ಅಮ್ಮ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿ ಓದಿಸಿದ್ದು ಈ ಕೆಲಸವೇ. ಮದುವೆಯ ಮಾತು ಬಂದಾಗಲೆಲ್ಲ "ಮೊದಲು ಇವನೊಂದು ದಡ ಸೇರ್ಲಿ" ಎನ್ನುತ್ತಿದ್ದಳು. ಅವನು ಲೆಕ್ಕಪತ್ರ ಓದಿ ಅದೇ ಕಂಪನಿಯ ದೊಡ್ಡ ಕಚೇರಿ ಸೇರುವಷ್ಟರಲ್ಲಿ ಅವಳನ್ನು ಕೇಳಿಕೊಂಡು ಬರುವವರೇ ಇರಲಿಲ್ಲ.

ಮೊನ್ನೆ ಮೊನ್ನೆ ಅವನಿಗೆ ಬಡ್ತಿ ಬಂತು. ಯಾಕೆ ಬಂತೆಂದು ಅವಳು ಕೇಳಲಿಲ್ಲ, ಅವನೂ ಬಾಯಿ ಬಿಡಲಿಲ್ಲ. ಹಿಡಿಕೆಯಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತನ್ನ ಸಾಲಿನವರಿಗೆಲ್ಲ ಕ್ಯಾಂಟೀನಿನಲ್ಲಿ ಚಹಾ ಕೊಡಿಸಿ, ನನ್ನ ತಮ್ಮ ಸಾಹೇಬನಾದ ಎಂದು ಡಂಗುರ ಹೊಡೆದಳು.

ತಿಂಗಳು ತುಂಬುವುದರೊಳಗೆ ಗೇಟಿಗೆ ನೋಟೀಸು ಅಂಟಿಸಿದರು. ತೆರಿಗೆಯ ಲೆಕ್ಕ ನೋಡಿದರೆ ಇಲ್ಲಿ ಪೂರೈಸುವುದಿಲ್ಲ, ಕಾರ್ಖಾನೆ ಕಡಲಾಚೆಗೆ ಹೋಗುತ್ತದೆ ಎಂದಿತ್ತು. ಅಂದು ಸಂಜೆ ತಮ್ಮ ಬಂದು ಹೊಸ್ತಿಲ ಬಳಿಯೇ ನಿಂತ.

"ಇಲ್ಲಿ ಲಾಭದಲ್ಲಿ ಮೂರನೇ ಒಂದು ಪಾಲು ತೆರಿಗೆಗೇ ಹೋಗುತ್ತೆ ಅಕ್ಕ. ಅಲ್ಲಿ ಹೊಸ ಕಾರ್ಖಾನೆಗೆ ಹತ್ತು ವರ್ಷ ತೆರಿಗೇನೇ ಇಲ್ಲ. ಎಷ್ಟು ಉಳಿಯುತ್ತೆ ನೋಡು ಅಂದ್ರು. ನೋಡ್ಕೊಟ್ಟೆ."

"ಆ ಲೆಕ್ಕದಲ್ಲಿ ನಾನಿದ್ನೇನೋ?"

"ಇದ್ದೆ. ಸಂಬಳದ ಖರ್ಚು ಅಂತ ಒಂದು ಸಾಲಿರುತ್ತೆ. ಅದ್ರಲ್ಲಿ, ಎಲ್ಲರ ಜೊತೆ." ತಲೆ ತಗ್ಗಿಸಿದ. "ನಾನು ಹಾಕ್ದಿದ್ರೆ ಇನ್ನೊಬ್ಬ ಹಾಕ್ತಿದ್ದ ಅಕ್ಕ."

"ಇನ್ನೊಬ್ಬನೇ ಹಾಕ್ಬೇಕಿತ್ತು ಕಣೋ."

ಉಂಡ ಮನೆಯ ಜಂತಿ ಎಣಿಸುವವರನ್ನು ನಾವೆಲ್ಲ ಕಂಡವರೇ. ಸಂಬಳ ಕೊಟ್ಟು, ಕುರ್ಚಿ ಹಾಕಿ ಎಣಿಸಲು ಕೂರಿಸುವುದು ಮಾತ್ರ ಈ ಕಾಲದ ಜಾಣತನ.

ಕೊನೆಯ ದಿನ ಹೊಲಿಗೆ ಯಂತ್ರಗಳನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿ ಮೊಳೆ ಹೊಡೆಯುತ್ತಿದ್ದರು. ಹೆಂಗಸರು ಗೋಡೆಗೆ ಒರಗಿ ನೋಡುತ್ತ ನಿಂತಿದ್ದರು. ದಾರ ಕತ್ತರಿಸುವ ಮುದುಕಿಗೆ ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, "ಈ ಲೆಕ್ಕ ಹಾಕ್ಕೊಟ್ಟವನ ಕೈ ಸೇದೋಗ್ಲಿ" ಎಂದಳು.

ಅವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಉಳಿದವರಿಗೂ ಗೊತ್ತಿರಲಿಲ್ಲ. ಒಬ್ಬೊಬ್ಬರೇ ಹೂಂಗುಟ್ಟಿದರು. ಹಾಗನ್ನಬೇಡಿ ಎನ್ನಲೆಂದೇ ಹಿಡಿಕೆಯಕ್ಕ ಬಾಯಿ ತೆರೆದದ್ದು.

"ಸೇದೋಗ್ಲಿ" ಎಂದುಬಿಟ್ಟಳು.

ಜನರಿಗೆ ಹೆದರಿ ಅಂದಿದ್ದರೆ ಒಂದಿಷ್ಟು ಅತ್ತು ಹಗುರಾಗಬಹುದಿತ್ತು. ಆದರೆ ಆ ಮಾತು ಹೊಟ್ಟೆಯೊಳಗಿಂದಲೇ ಎದ್ದು ಬಂದಿತ್ತು. ಎತ್ತಿ ಆಡಿಸಿದ ಮಗುವಿಗೆ ತಾನು ಮನಸಾರೆ ಕೆಡುಕು ಬಯಸಿದ್ದು ಅವಳಿಗೆ ಗೊತ್ತಾಯಿತು. ಸಂಜೆ ಅವನು "ಅಕ್ಕಾ, ಅಕ್ಕಾ" ಎಂದು ಬಾಗಿಲು ಬಡಿದ. ಅವಳು ಒಳಗೇ ಕೂತಿದ್ದಳು. ಯಾವ ಮುಖ ಹೊತ್ತು ಬಾಗಿಲು ತೆಗೆಯಲಿ ಎಂದು ತಿಳಿಯದೆ, ಅವನ ಹೆಜ್ಜೆ ದೂರವಾಗುವವರೆಗೂ ಕೂತೇ ಇದ್ದಳು.