ಮೂರನೇ ಸಲ ಕರೆದಾಗ

ಬೆಳಿಗ್ಗೆ ಕಪಾಟಿನ ಕೆಳಗಿನ ಖಾನೆ ತೆಗೆದೆ ನೋಡಿ, ಹೊಳೆಯ ರಾಡಿಯ ವಾಸನೆ ಮೂಗಿಗೆ ಬಡಿಯಿತು. ಎರಡು ವರ್ಷದಿಂದ ಅದಕ್ಕೆ ಫಿನಾಯಿಲ್ ಬಳಿದದ್ದಾಯಿತು, ಬಿಸಿಲಿಗೆ ಒಡ್ಡಿದ್ದಾಯಿತು, ಕರ್ಪೂರ ಉರಿಸಿದ್ದಾಯಿತು. ವಾಸನೆ ಹೋಗಿದೆ ಎಂದು ಮಗಳು ಹೇಳುತ್ತಾಳೆ. ನನ್ನ ಮೂಗಿಗೆ ಮಾತ್ರ ಅದು ಆಗಾಗ ಬಂದು ಹಾಜರಿ ಹಾಕಿ ಹೋಗುತ್ತದೆ. ಬಂದ ದಿನ ಯಾರಿಗಾದರೂ ಏನಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಇವತ್ತು ನೀವು ಸಿಕ್ಕಿದ್ದೀರಿ. ಫೋನಿನಲ್ಲಿ ಕನ್ನಡ ಬರೆಯುವುದನ್ನು ಮೊಮ್ಮಗಳು ಅನು ಹೋದ ವಾರವಷ್ಟೇ ಕಲಿಸಿದ್ದಾಳೆ. ಒಂದೇ ಬೆರಳು ನಡೆಯುತ್ತದೆ, ಅದೂ ಕುಂಟುತ್ತ. ನಾನು ಹೊಳೆ ಎಂದು ಒತ್ತಿದರೆ ಅದು ಹೋಳಿಗೆ ಬೇಕೇ ಎಂದು ಕೇಳುತ್ತದೆ. ಬೇಡವೆನ್ನುವುದು ಕಷ್ಟ.

ಪುಣೆಯಲ್ಲಿ ನಮ್ಮದು ಹೊಳೆಯ ಪಕ್ಕದ ಕಟ್ಟಡ, ನೆಲಮಹಡಿಯ ಮನೆ. ನನ್ನ ಮೊಣಕಾಲಿಗೆ ಮೆಟ್ಟಿಲು ಆಗದೆಂದೇ ಮಗಳು ಸುಮಾ ಅದನ್ನು ಹಿಡಿದದ್ದು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ, ಬೆಳಗಿನ ಚಹಾದ ಹೊತ್ತಿಗೆ, ಹೊಳೆ ಒಳಗೆ ಬಂತು. ಬಾಗಿಲಿನಿಂದಲ್ಲ, ಬಚ್ಚಲ ಮೋರಿಯಿಂದ, ಗಂಟಲು ತೊಳೆಯುವವರ ಹಾಗೆ ಗುಳುಗುಳು ಎನ್ನುತ್ತ. ಕರೆಂಟು ಹೋಯಿತು. ಅಳಿಯಂದಿರು ಕೆಲಸದ ಮೇಲೆ ಶಿರೂರಿನಲ್ಲಿದ್ದರು. ನೀರು ತೊಡೆಗೆ ಬಂದಾಗ ಸುಮಾ, ಆಗ ಹದಿಮೂರರ ಹುಡುಗಿಯಾಗಿದ್ದ ಅನುವನ್ನು ಅಡುಗೆಕಟ್ಟೆಯ ಮೇಲೆ ನಿಲ್ಲಿಸಿ, ನನ್ನನ್ನು ಅಕ್ಕಿ ಚೀಲದಂತೆ ಬೆನ್ನಿಗೆ ಹಾಕಿಕೊಂಡಳು.

“ಇಲ್ಲಿಂದ ಅಲ್ಲಾಡಬ್ಯಾಡ. ಅಜ್ಜಿನ್ನ ಮ್ಯಾಲೆ ಬಿಟ್ಟು ಬಂದೆ. ನಾ ಕರೀತಿರ್ತೀನಿ, ನೀ ಓ ಅಂತಿರು. ತಿಳೀತ?”

“ನನ್ನ ಹಲ್ಲಿನ ಸೆಟ್ಟು ಒಳಗ ಉಳೀತಲ್ಲೇ!” ಎಂದೆ ನಾನು.

“ಸುಮ್ನಿರವಾ ತಾಯೀ!”

ಮೆಟ್ಟಿಲಿನ ತಿರುವಿನಲ್ಲಿ ಸುಮಾ ಕೂಗಿದಳು: “ಅನೂ!” ಉತ್ತರವಿಲ್ಲ. ಮತ್ತೆ ಕೂಗಿದಳು. ಕೆಳಗಿನ ಕತ್ತಲಲ್ಲಿ ನೀರಿನ ಸದ್ದು, ತೇಲುವ ಪಾತ್ರೆಗಳು ಒಂದಕ್ಕೊಂದು ತಾಗುವ ಸದ್ದು, ಅಷ್ಟೇ. ನನ್ನ ಎದೆಯ ಕೆಳಗೆ ಮಗಳ ಬೆನ್ನು ಗೋಡೆಯಾಯಿತು, ಉಸಿರೇ ಇಲ್ಲ. ಮೂರನೇ ಸಲ ಅವಳು ಕೂಗಿದ್ದು ಹೆಸರಿನಂತೆ ಕೇಳಲಿಲ್ಲ. ಆಗ ಕೆಳಗಿನಿಂದ, ಶಾಲೆಯಲ್ಲಿ ಹಾಜರಿ ಹೇಳುವಷ್ಟು ಸ್ಪಷ್ಟವಾಗಿ, “ಓ” ಎಂದು ಬಂತು.

ಎಲ್ಲರೂ ಉಳಿದೆವು. ಹಲ್ಲಿನ ಸೆಟ್ಟು ಹೊಳೆಯ ಪಾಲಾಯಿತು. ಈಗ ಯಾವ ಮೀನು ಅದನ್ನು ಹಾಕಿಕೊಂಡು ನಗುತ್ತಿದೆಯೋ. ಆದರೆ ಸುಮಾ ಆ ಮೆಟ್ಟಿಲಿನ ತಿರುವಿನಲ್ಲೇ ನಿಂತುಬಿಟ್ಟಳು. ಮನೆ ತೊಳೆದು ಒಳಗೆ ಬಂದ ಮೇಲೂ ಗಳಿಗೆಗೊಮ್ಮೆ “ಅನೂ!” ಎಂದು ಕೂಗುವುದು, ಸ್ನಾನಕ್ಕೆ ಹೋದರೂ, ಬಾಗಿಲು ಹಾಕಿಕೊಂಡರೂ. ಹುಡುಗಿ ಓ ಎನ್ನಬೇಕು. ಹುಡುಗಿಯಾದರೋ ಬೆಳೆಯುತ್ತಿದ್ದಳು. ದನಿ ದಪ್ಪಗಾಯಿತು, ಮಾತು ಕಡಿಮೆಯಾಯಿತು. ಬದನೇಕಾಯಿ ಎಂದರೆ ಮೂಗು ಮುರಿಯುತ್ತಿದ್ದವಳು ಒಂದು ದಿನ ಎಣಗಾಯಿಯನ್ನು ಕೇಳಿ ಹಾಕಿಸಿಕೊಂಡಳು. ನಾನು ನಕ್ಕೆ. ಸುಮಾ ಬಿಳಿಚಿಕೊಂಡಳು. ಆಮೇಲೆ ಹಿತ್ತಲಿನ ಬಾಲ್ಕನಿಗೆ ನನ್ನನ್ನು ಕರೆದು, ಬಟ್ಟೆ ಹಿಂಡುತ್ತ, ತಗ್ಗಿದ ದನಿಯಲ್ಲಿ ಹೇಳಿದಳು: “ಆ ಎರಡ ಸಲ ಕರದಾಗ ಆಕಿ ಅಲ್ಲಿರ್ಲಿಲ್ಲವಾ. ಎಲ್ಲೋ ಹೋಗಿದ್ಲು. ತಿರಗಿ ಬಂದಾಕಿ ನನ್ನ ಅನೂನ ಹೌದೋ ಅಲ್ಲೋ, ನನಗ ಗೊತ್ತಾಗವಲ್ದು.”

“ಹುಚ್ಚಿ, ಹುಡುಗಿ ದೊಡ್ಡಾಕಿ ಆಗ್ಲಿಕತ್ಯಾಳ” ಎಂದೆ. ಎಂದವಳು ನಾನೇ ಆ ದಿನದಿಂದ ಮೊಮ್ಮಗಳನ್ನು ವಾರೆಗಣ್ಣಿನಲ್ಲಿ ನೋಡತೊಡಗಿದೆ. ನೆರಳು ಸರಿಯಾಗಿ ಬೀಳುತ್ತದೆಯೇ ಎಂದೂ ಒಮ್ಮೆ ಪರೀಕ್ಷಿಸಿದೆ. ಬೀಳುತ್ತಿತ್ತು. ನನಗಿಂತ ಉದ್ದ.

ಹೋದ ಮಳೆಗಾಲದ ಒಂದು ಮಧ್ಯಾಹ್ನ ಸುಮಾ ಮಾರ್ಕೆಟ್ ಯಾರ್ಡಿಗೆ ಈರುಳ್ಳಿ ತರಲು ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ಅನು ಲೆಕ್ಕ ಬಿಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ತಲೆಯೆತ್ತಿ ಖಾಲಿ ಗೋಡೆಗೆ “ಓ” ಎಂದಳು.

“ಯಾರಿಗೆ ಓ ಅಂದೀ?”

“ಅಮ್ಮ ಕರದ್ಲಲ್ಲ.”

“ಅಮ್ಮ ಮನ್ಯಾಗ ಇಲ್ಲವಾ.”

ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. “ಗೊತ್ತದ ಅಜ್ಜಿ. ಆದ್ರ ನಾ ಈಗ ಮೂರನೇದಕ್ಕ ಕಾಯೂದಿಲ್ಲ.”

ನೆನಪಾಯಿತು ನೋಡಿ. ಅವಳು ಐದಾರು ವರ್ಷದವಳಿದ್ದಾಗ ನಾನೇ ಹೇಳಿದ್ದೆ: ತಾಯಿಯ ದನಿಯಲ್ಲಿ ಕರೆಯುವುದೊಂದು ಇರುತ್ತದೆ, ಅದಕ್ಕೆ ಎರಡೇ ಸಲ ಕರೆಯಲು ಬರುತ್ತದೆ, ಮೂರನೇ ಸಲ ಕರೆದರೆ ಮಾತ್ರ ಓ ಅನ್ನು. ನನ್ನ ತಾಯಿ ನನಗೆ ಹೇಳಿದ್ದು. ನಾನು ಒಗ್ಗರಣೆ ಸೇರಿಸಿದ್ದೆ: ಧಾರವಾಡದಲ್ಲಿ ಒಬ್ಬಳು ಮೊದಲ ಕೂಗಿಗೇ ಓ ಅಂದಳಂತೆ, ಅವಳ ದನಿ ಆ ಓ ಜೊತೆಗೇ ಬಾಯಿಂದ ಹೊರಟುಹೋಯಿತಂತೆ. ಮಗು ಕಣ್ಣು ಅಗಲಿಸಿ ತುತ್ತು ನುಂಗುತ್ತಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

“ಅಮ್ಮಗ ಯಾಕ ಹೇಳಿಲ್ಲ?”

“ಹೇಳಿದ್ರ ನಿನ್ನ ಬೈತಿದ್ಲು. ನೀ ಆವಾಗ ಮದಲೇ ಹೆದರಿದ್ದಿ.”

ಒಂದು ವರ್ಷ ಈ ಪೋರಿ ನನ್ನನ್ನು ಬೈಗುಳದಿಂದ ಕಾಯ್ದಿದ್ದಳು. ತಾಯಿ ತನ್ನನ್ನು ಪರಕೀಯಳಂತೆ ನೋಡುವುದನ್ನು ಸಹಿಸಿಕೊಂಡು. ನಾನು ಆ ಹೊತ್ತಿಗೆ ಹೊಸ ಹಲ್ಲಿನ ಸೆಟ್ಟಿನಲ್ಲಿ ಚಕ್ಕುಲಿ ತಿನ್ನುತ್ತಿದ್ದೆ; ಉಳಿದದ್ದನ್ನು ಡಬ್ಬಿಗೆ ಹಾಕಿದೆ.

ಮರುದಿನ ಊಟಕ್ಕೆ ಕೂತಾಗ ಸುಮಾಳಿಗೆ ಎಲ್ಲ ಹೇಳಿದೆ. ಅವಳ ಕೈ ಅನ್ನದಲ್ಲೇ ನಿಂತಿತು.

“ಅಂದ್ರ ಅಲ್ಲೇ ಇದ್ಲು?”

“ಅಲ್ಲೇ ಇದ್ಲು, ಕಟ್ಟಿ ಮ್ಯಾಲೆ. ನನ್ನ ಮಾತು ಪಾಲಸ್ಕೋತ.”

“ನನ್ನ ದನೀ ಕೇಳಸ್ತಿತ್ತು?”

“ಕೇಳಸ್ತಿತ್ತು. ನೀನೋ ಅಲ್ಲೋ ಅಂತ ಅನುಮಾನ ಆಕಿಗೆ.”

ಸುಮಾ ತಟ್ಟೆ ಸರಿಸಿ ಎದ್ದಳು. ತಾಯಿ ಮಗಳು ಇಬ್ಬರೂ ಒಬ್ಬರನ್ನೊಬ್ಬರು ಇವಳಲ್ಲ ಎಂದುಕೊಂಡಿದ್ದರಲ್ಲ, ಅದು ಅವಳಿಗೆ ಹೊಳೆದದ್ದು ಆಗಲೇ ಇರಬೇಕು. ಆಮೇಲೆ ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟಳು. ಚಹಾ ಬರುತ್ತಿತ್ತು, ಕಪ್ಪು ಟಣ್ಣೆಂದು ಕುಕ್ಕರಿಸುತ್ತಿತ್ತು. ಆದರೆ ನಾನು ಹೇಳಿದ ದಿನದ ಸಂಜೆಯೇ ಅವಳು ಅನುವಿನ ಕೋಣೆಯ ಮುಂದೆ ನಿಂತು, ಕೂಗದೆ, ಬಾಗಿಲು ತಟ್ಟಿದ್ದನ್ನು ಕಂಡೆ.

“ಇದೇನು ಹೊಸಾದು, ಬಾಗಲಾ ಬಡಿಯೂದು?” ಒಳಗಿನಿಂದ ಅನು.

“ಒಳಗ ಬರ್ಲೇನು?” ಎಂದಳು ಸುಮಾ. ಬಾಗಿಲು ತೆರೆಯಿತು. ಒಳಗೆ ಏನು ಮಾತಾಯಿತೋ ನನಗೆ ಕೇಳಲಿಲ್ಲ. ಕಿವಿಯನ್ನೇನೋ ಹಚ್ಚಿದ್ದೆ.

ಅನು ಇವತ್ತು ಬೆಳಿಗ್ಗೆ ಶಾಲೆಯವರೊಂದಿಗೆ ಎರಡು ದಿನಕ್ಕೆ ಲೋಣಾವಳಾಕ್ಕೆ ಹೋದಳು, ಇಂಥ ಮಳೆಯಲ್ಲಿ. ಒಪ್ಪಿಗೆಯ ಕಾಗದವನ್ನು ಸುಮಾ ಮೂರು ದಿನ ಪರ್ಸಿನಲ್ಲಿಟ್ಟುಕೊಂಡು ತಿರುಗಿ ಕಡೆಗೆ ಸಹಿ ಹಾಕಿದಳು. ಈಗ, ನಾನು ಇದನ್ನು ಒತ್ತುತ್ತಿರುವಾಗಲೇ, ಹೀರೇಕಾಯಿ ಹೆಚ್ಚುತ್ತಿದ್ದವಳು ರೂಢಿಯ ಮೇಲೆ ಕೂಗಿಬಿಟ್ಟಳು: “ಅನೂ!”

ಚಾಕು ನಿಂತಿತು. ಕೋಣೆಯ ಬಾಗಿಲು ತೆರೆದೇ ಇದೆ, ಒಳಗೆ ಯಾರೂ ಇಲ್ಲ. ನಿಜ ಹೇಳುತ್ತೇನೆ, ಎಲ್ಲಿ ಯಾರಾದರೂ ಓ ಅಂದುಬಿಟ್ಟಾರೋ ಎಂದು ನನ್ನ ಬೆರಳು ಫೋನಿನ ಮೇಲೆ ನಿಂತಿತು. ಯಾರೂ ಅನ್ನಲಿಲ್ಲ. ಎರಡನೇ ಕೂಗಿಗೆ ಕಾದೆ.

ಅದು ಬರಲಿಲ್ಲ. ಹೀರೇಕಾಯಿ ಹೆಚ್ಚುವ ಸದ್ದು ಮತ್ತೆ ಶುರುವಾಯಿತು.