ಹಗೇವಿನ ಮೇಲೆ ಎರಡು ಸಬ್‌ವೂಫರ್

ಹೂಲಿಯ ಮಡಿವಾಳೆಪ್ಪನ ಎಡಗೈಗೆ ಲಕ್ವಾ ಹೊಡೆದ ಮೇಲೆ ಭಜನಾ ಮೇಳದಲ್ಲಿ ಅವನ ಜಾಗಕ್ಕೆ ಬೇರೊಬ್ಬ ತಬಲಾದವನು ಬಂದ. ಅವನು ಬಂದದ್ದಕ್ಕೆ ಮಡಿವಾಳೆಪ್ಪನಿಗೆ ಸಿಟ್ಟಿರಲಿಲ್ಲ. ಬಂದವನನ್ನು ಊರೆಲ್ಲ ಹೊಗಳಿತು, ಹೋದವನನ್ನು ಒಂದು ನರಪಿಳ್ಳೆಯೂ ನೆನೆಯಲಿಲ್ಲ, ಸಿಟ್ಟು ಅದಕ್ಕೆ. ಮೇಳದ ಹಾಡುಗಾರ ಅಕ್ಬರಸಾಬ ತತ್ವಪದ ಹಾಡುವುದು, ತಾನು ಬಾರಿಸುವುದು, ಹೀಗೇ ಅರ್ಧ ಆಯುಷ್ಯ ಕಳೆದವನು ಅವನು.

ಉಳಿದದ್ದೆಂದರೆ ಮಠದಲ್ಲಿ ಯಾರೋ ರೆಕಾರ್ಡ್ ಮಾಡಿಕೊಟ್ಟ ಒಂದು ಭಜನೆ. ಮನೆಯ ಸ್ಟೀರಿಯೋದಲ್ಲಿ ಹಾಕಿದರೆ ಅಕ್ಬರಸಾಬನ ದನಿ ಕೇಳುತ್ತಿತ್ತು, ತಾಳ ಕೇಳುತ್ತಿತ್ತು, ಬಲಗೈಯ ಟಕಟಕವೂ ಕೇಳುತ್ತಿತ್ತು. ಪದಕ್ಕೆ ತೂಕ ಕೊಡುವ ಎಡಗೈಯ ಡಗ್ಗಾ ಮಾತ್ರ ಇಲ್ಲವೇ ಇಲ್ಲ.

"ನಾ ಬಾರಿಸೇನಿ, ನಾ ಬಾರಿಸೇನಿ ಅಂತೀರಿ. ನನಗರ ಏನೂ ಕೇಳವಲ್ದು," ಎಂದಳು ಹೆಂಡತಿ ಇಂದ್ರವ್ವ.

ಮಡಿವಾಳೆಪ್ಪನಿಗೆ ಉರಿದುಹೋಯಿತು. ಸವದತ್ತಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದ ಇಕ್ಬಾಲ್‌ನನ್ನು ಕರೆಸಿದ. "ಸಣ್ಣ ಸ್ಪೀಕರಿಗೆ ದಪ್ಪ ದನಿ ನೀಗೂದಿಲ್ರಿ ಕಾಕಾ. ಸಬ್‌ವೂಫರ್ ಹಾಕಸ್ರಿ," ಎಂದ ಇಕ್ಬಾಲ್.

ಪಡಸಾಲೆಯ ಮೂಲೆಯಲ್ಲಿ ಹಗೇವಿನ ಬಾಯಿ ಮುಚ್ಚಿದ ಚಪ್ಪಡಿಯಿತ್ತು. ಜೋಳ ತುಂಬುವ ಆ ನೆಲದಡಿಯ ಕಣಜ ಬರಿದಾಗಿ ಎಷ್ಟೋ ಕಾಲವಾಗಿತ್ತು. ಜಾಗ ಸಮತಟ್ಟಾಗಿದೆ, ಕಾಲಿಗೂ ಅಡ್ಡ ಬರುವುದಿಲ್ಲ ಎಂದು ಮಡಿವಾಳೆಪ್ಪ ಇಕ್ಬಾಲ್ ತಂದ ಸಬ್‌ವೂಫರ್ ಪೆಟ್ಟಿಗೆಯನ್ನು ಅಲ್ಲೇ ಇಡಿಸಿದ.

ಹಾಡು ಹಚ್ಚಿದರೆ ಡಗ್ಗಾ ಬರಲಿಲ್ಲ, ಹಿಟ್ಟಿನ ಗಿರಣಿ ಬಂತು! ಎಲ್ಲಿ ಹೊಡೆದರೂ ಒಂದೇ ಗುಂಯ್. ಇಕ್ಬಾಲ್ ತಿರುಪು ತಿರುವಿ ತಿರುವಿ ಬೇಸತ್ತ. ಒಂದಕ್ಕೆ ಜೊತೆಯಾಗಿ ಇನ್ನೊಂದಿಟ್ಟರೆ ಸರಿಹೋದೀತು ಎಂದು ಎರಡನೆಯದನ್ನು ತಂದ. ಅದೂ ಚಪ್ಪಡಿಯ ಮೇಲೆಯೇ ಕುಳಿತಿತು. ಈಗ ಮಾಳಿಗೆಯ ಮಣ್ಣು ಇಂದ್ರವ್ವನ ರೊಟ್ಟಿ ಹಿಟ್ಟಿಗೇ ಉದುರತೊಡಗಿತು. ನೆರೆಮನೆಯ ಕೃಷ್ಣವ್ವ ಬಾಗಿಲಲ್ಲಿ ನಿಂತು, ಗೋಧಿ ಬೀಸಿಕೊಡುತ್ತೀರಾ ಎಂದು ಕೇಳಿ ನಕ್ಕು ಹೋದಳು. ಮಡಿವಾಳೆಪ್ಪನಿಗೆ ಪೆಟ್ಟಿಗೆಗಳನ್ನು ಎತ್ತಿ ಬೀದಿಗೆ ಒಗೆಯುವಷ್ಟು ರೋಸಿಹೋಯಿತು. ಒಗೆಯಲು ಕೈಯಾದರೂ ಬೇಕಲ್ಲ!

"ಕೆಳಗ ಹಗೇವು ಖಾಲಿ ಐತಿ. ಅದರಾಗ ಬಗ್ಗಿ ಕೆಮ್ಮಿದ್ರೂ ಇಡೀ ಮನಿ ಕೆಮ್ಮತೈತಿ," ಎಂದು ರೇಗಿದಳು ಇಂದ್ರವ್ವ. "ಅದರ ನೆತ್ತಿ ಮ್ಯಾಲ ಇಟ್ಟು ಯಾರ್‍ನ ಬೈತೀರಿ?"

ಇಕ್ಬಾಲ್ ಹಣೆ ಚಚ್ಚಿಕೊಂಡ. ಒಂದು ಪೆಟ್ಟಿಗೆಯನ್ನು ಎದುರಿನ ಗೋಡೆಗೆ ಸರಿಸಿ, ಅಡಿಗೆ ಗೋಣಿಚೀಲ ಮಡಚಿ ಹಾಕಿದ. ಇನ್ನೊಂದನ್ನು ಬಿಚ್ಚಿ ಬದಿಗಿಟ್ಟ. ಗುಂಯ್ ಎನ್ನುವುದು ನಿಂತಿತು. ಮಡಿವಾಳೆಪ್ಪ ಅಕ್ಬರಸಾಬನಿಗೆ ಹೇಳಿಕಳಿಸಿದ. ಅವನು ಬಂದು ಕುಳಿತ ಮೇಲೆಯೇ ಭಜನೆ ಹಚ್ಚಿಸಿದ.

ಡಗ್ಗಾ ಕೇಳಿತು. ದುಂಡಗೆ, ಬಿಡಿಬಿಡಿಯಾಗಿ, ಒಂದೊಂದು ಪೆಟ್ಟೂ ಕೇಳಿತು. ಇಂದ್ರವ್ವ ಅಡುಗೆಮನೆಯಿಂದ ಓಡಿ ಬಂದಳು. ಮಡಿವಾಳೆಪ್ಪನ ಮುಖದಲ್ಲಿ ಮೂಡಿದ ನಗು ಮೊದಲ ಪಲ್ಲವಿ ಮುಗಿಯುವುದರೊಳಗೆ ಮಾಯವಾಯಿತು. ಪ್ರತಿ ತಿರುವಿನಲ್ಲೂ ಅವನ ಪೆಟ್ಟು ತುಸು ತಡವಾಗಿ ಬೀಳುತ್ತಿತ್ತು. ಪ್ರತಿ ತಿರುವಿನಲ್ಲೂ ರೆಕಾರ್ಡಿನೊಳಗಿನ ಅಕ್ಬರಸಾಬ ಕೊನೆಯ ಅಕ್ಷರವನ್ನು ಎಳೆದು, ಆ ಪೆಟ್ಟು ಬಿದ್ದ ಮೇಲೆಯೇ ಮುಂದೆ ಹೋಗುತ್ತಿದ್ದ.

"ಬಂದ್ ಮಾಡು ಅದನ್ನ!" ಎಂದು ಒದರಿದ ಮಡಿವಾಳೆಪ್ಪ. ಬಂದ್ ಮಾಡಿದರು. ಇಷ್ಟೆಲ್ಲ ಒದ್ದಾಡಿದ್ದು ಇದನ್ನು ಕೇಳಲಿಕ್ಕೇ ಎಂದು ಅವನಿಗೆ ಅಳು ಬಂತು. "ಸಾಬಾ, ನಿನಗ ಗೊತ್ತಿತ್ತೇನು?"

"ಹಾಡಾಂವಗ ಗೊತ್ತಾಗೂದಿಲ್ಲೇನೋ?"

"ಮತ್ತ ಒಂದ್ ದಿನಾನೂ ಯಾಕ ಹೇಳಲಿಲ್ಲ?"

ಅಕ್ಬರಸಾಬ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹೇಳೂದೇನೈತಿ? ನೀ ಬರೂತನಕ ನಿಂದರೂದು ರೂಢಿ ಆಗಿತ್ತು. ಈಗಿನ ಹುಡುಗ ವ್ಯಾಳ್ಯಾಕ್ಕ ಸರಿಯಾಗಿ ಹೊಡೀತಾನ. ನಾ ಇನ್ನೂ ನಿನ್ನ ದಾರಿ ಕಾಯಕೋಂತ ನಿಂತಿರತೇನಿ, ಅಂವ ಮುಂದ ಹೋಗಿಬಿಟ್ಟಿರತಾನ."